ಹೇಳುವುದಕ್ಕಿಂತ ಜೊತೆಗೆ ನಡೆಯೋಣ
(ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಡ್ರಿಲ್ ಪಿರಿಯಡ್ ತಪ್ಪಿಸಿಕೊಳ್ಳುವುದರಲ್ಲಿ ನಾನು ಸದಾ ಮುಂದಿದ್ದೆ. ಅಂಥವನು ಇಂದು ವ್ಯಾಯಾಮದ ಬಗ್ಗೆ ಮಾತಾಡಲು ನಿಂತದ್ದಕ್ಕೆ ನಮ್ಮ ದೈಹಿಕ ಶಿಕ್ಷಕರು ನಗುತ್ತಿರಬಹುದು. ಅದಕ್ಕೊಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನನ್ನ ತಂದೆ ತೀರಿಕೊಂಡ ಮೇಲೆ ನನಗೆ ಖಿನ್ನತೆ ಬಂತು. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಏಳಲು ಮನಸ್ಸಿಲ್ಲ. ಸುಮ್ಮನೆ ಕೂತಾಗಲೂ ಎದೆ ಡವಡವ ಎನ್ನುತ್ತಿತ್ತು. ಬಂದವರೆಲ್ಲ "ಎದ್ದು ನಾಲ್ಕು ಹೆಜ್ಜೆ ಅಡ್ಡಾಡಪಾ, ಎಲ್ಲಾ ಹೋಗ್ತದ" ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಏಳುವ ಶಕ್ತಿಯನ್ನೇ ಆ ರೋಗ ಕಸಿದುಕೊಂಡಿರುತ್ತದೆ. ಕೇಳಿದಷ್ಟೂ ನಾನು ಮೈಗಳ್ಳನೆಂಬ ನಾಚಿಕೆಯೇ ಹೆಚ್ಚಾಯಿತು. ವೈದ್ಯರು ಗುಳಿಗೆ ಕೊಟ್ಟರು. ಹತ್ತನೆಯ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಉಪದೇಶ ಮಾಡಲಿಲ್ಲ. ನಸುಕಿನಲ್ಲಿ ಬಾಗಿಲಿಗೆ ಬಂದು "ಚಪ್ಪಲ್ ಹಾಕ್ಕೋ, ನಡಿ" ಎಂದ. ಮೊದಲ ದಿನ ಓಣಿಯ ತುದಿಯವರೆಗೆ ಹೋದೆವು. ತಿಂಗಳಾಗುವಷ್ಟರಲ್ಲಿ ದೂಧಗಂಗಾ ನದಿಯವರೆಗೆ ನಡೆಯುತ್ತಿದ್ದೆವು. ಗುಳಿಗೆ, ನಡಿಗೆ ಎರಡೂ ಕೂಡಿ ನನ್ನನ್ನು ಎಬ್ಬಿಸಿದವು.

ಇದಕ್ಕೆ ವಿಜ್ಞಾನದ ಆಧಾರವೂ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆಯಿದ್ದ, ವಯಸ್ಸು 50 ಮತ್ತು ಅದಕ್ಕೂ ಮೇಲ್ಪಟ್ಟ 156 ಜನರಲ್ಲಿ ಒಂದು ಗುಂಪಿಗೆ ಗುಳಿಗೆ, ಇನ್ನೊಂದಕ್ಕೆ ವ್ಯಾಯಾಮ, ಮತ್ತೊಂದಕ್ಕೆ ಎರಡನ್ನೂ ಕೊಟ್ಟರು. ವ್ಯಾಯಾಮವೆಂದರೆ ವಾರಕ್ಕೆ ಮೂರು ದಿನ, ಅರ್ಧ ಗಂಟೆ ಬಿರುಸು ನಡಿಗೆ ಇಲ್ಲವೆ ಓಟ. 16 ವಾರಗಳ ನಂತರ ಮೂರೂ ಗುಂಪಿನವರು ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದ್ದರು. ಗುಳಿಗೆಯವರಿಗೆ ಗುಣ ಸ್ವಲ್ಪ ಬೇಗ ಕಂಡಿತು. ವ್ಯಾಯಾಮ ಮಾಡಿದವರು ಒಬ್ಬೊಬ್ಬರೇ ಇರಲಿಲ್ಲ, ಮೇಲ್ವಿಚಾರಕರ ಜೊತೆ ಗುಂಪಿನಲ್ಲಿ ಮಾಡಿದರು ಎಂಬುದನ್ನು ಗಮನಿಸಿ.

ಆತಂಕಕ್ಕೂ ಇದರಿಂದ ಉಪಯೋಗವಿದೆ. ಓಡಿದಾಗ ಎದೆ ಬಡಿಯುತ್ತದೆ, ಬೆವರು ಬರುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ. ಎದೆ ಬಡಿದ ಮಾತ್ರಕ್ಕೆ ಅಪಾಯವಿಲ್ಲವೆಂದು ದೇಹ ನಿಧಾನವಾಗಿ ಕಲಿಯುತ್ತದೆ. ಅದಕ್ಕೇ ಗುರುಗಳಲ್ಲಿ ನನ್ನ ವಿನಂತಿ: ಪರೀಕ್ಷೆ ಬಂತೆಂದು ಮಕ್ಕಳ ಆಟದ ಪಿರಿಯಡ್ ತೆಗೆಯಬೇಡಿ.

"ದಿನವಿಡೀ ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಯಾಕೆ?" ಎಂದು ನೀವು ಕೇಳಬಹುದು. ದುಡಿತದಿಂದ ಮೈ ದಣಿಯುತ್ತದೆ, ನಿಜ. ಆದರೆ ಸಾಲದ ಚಿಂತೆ, ಕಬ್ಬಿನ ಬಿಲ್ಲಿನ ಚಿಂತೆ ಗದ್ದೆಗೂ ಬೆನ್ನು ಹತ್ತಿ ಬರುತ್ತವೆ. ಗೆಳೆಯರ ಜೊತೆ ತಾಲೀಮಿಗೆ ಹೋಗುವುದು, ತಾಯಂದಿರು ಕೂಡಿ ಸಂಜೆ ನಡೆಯುವುದು ಮನಸ್ಸಿಗೆ ಬೇರೆಯೇ ಬಿಡುವು ಕೊಡುತ್ತವೆ.

ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಿಡಬಾರದು. ಸಾಯುವ ಯೋಚನೆ ಬಂದರೆ ನಡಿಗೆಯನ್ನು ನಂಬಿ ಕೂರಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕೂಡಲೇ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈ ಸುವರ್ಣ ಮಹೋತ್ಸವಕ್ಕೆ ಬಾರದೆ ಮನೆಯಲ್ಲೇ ಉಳಿದ ನಮ್ಮ ಗೆಳೆಯರಿದ್ದಾರೆ. ಅವರಲ್ಲಿ ಯಾರಾದರೂ ಬೇಕೆಂದೇ ಜನರಿಂದ ದೂರ ಉಳಿದಿರಬಹುದು. ನಾಳೆ ನಸುಕಿನಲ್ಲಿ ಅವರ ಬಾಗಿಲು ತಟ್ಟೋಣ.