ನಲ್ಲಿಯ ಲೆಕ್ಕ ಯಾರ ಕೈಯಲ್ಲಿ?

(ಮಿಲ್ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರು ನಿಮ್ಮಲ್ಲಿ ಹಲವರಿದ್ದೀರಿ. ಅಂಗಡಿಗೆ ಅರ್ಧ ಕದ ಹಾಕಿ, ಹುಡುಗನನ್ನು ಗಲ್ಲಾದ ಮುಂದೆ ಕೂರಿಸಿ ಬಂದವರೂ ಇದ್ದೀರಿ. ಆದ್ದರಿಂದ ದೊಡ್ಡ ಪೀಠಿಕೆ ಹಾಕದೆ, ನನಗೆ ಆದ ಒಂದು ಅವಮಾನದಿಂದಲೇ ಮಾತು ಪ್ರಾರಂಭಿಸುತ್ತೇನೆ.

ನಮ್ಮ ಬೀದಿಗೆ ನೀರು ಬರುತ್ತಿಲ್ಲವೆಂದು ಒಂದು ಮನವಿ ಪತ್ರ ಬರೆದು, ಹನ್ನೊಂದು ಮಂದಿ ಒಂದು ಕಚೇರಿಗೆ ಹೋದೆವು. ಯಾವ ಕಚೇರಿ ಎಂಬುದು ಮುಖ್ಯವಲ್ಲ. ಅಲ್ಲಿದ್ದ ಅಧಿಕಾರಿ ದುಷ್ಟನೇನಲ್ಲ. ನಮ್ಮನ್ನು ಕೂರಿಸಿ ಮಾತನಾಡಿಸಿದ. ಕಡತ ತರಿಸಿದ. ಇಷ್ಟು ಉದ್ದದ ಕೊಳವೆ ಹಾಕಿದೆ, ಕಂಟ್ರಾಕ್ಟರನ ಬಿಲ್ಲು ಪಾಸಾಗಿದೆ, ಕೆಲಸ ಮುಗಿದ ಬಗ್ಗೆ ಸಹಿಯಾಗಿದೆ, ನಲ್ಲಿಯ ಫೋಟೋ ಕೂಡ ಅಂಟಿಸಿದೆ. ಕಡತದಲ್ಲಿ ನಮ್ಮ ಬೀದಿಗೆ ನೀರು ಹರಿದು ವರ್ಷವಾಗಿತ್ತು! ನಾವು ಗದ್ದಲ ಮಾಡಿದೆವು. ಆತ ಸಮಾಧಾನದಿಂದ ಮೂರು ಪ್ರಶ್ನೆ ಕೇಳಿದ. ಎಷ್ಟು ಮನೆಗೆ ನೀರು ಬರುವುದಿಲ್ಲ? ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬಂದಾಗ ಎಷ್ಟು ಹೊತ್ತು ಬರುತ್ತದೆ? ನಮ್ಮಲ್ಲಿ ಒಬ್ಬ ನಾಲ್ಕು ದಿನಕ್ಕೊಮ್ಮೆ ಎಂದ, ಇನ್ನೊಬ್ಬ ವಾರಕ್ಕೊಮ್ಮೆ ಎಂದ, ಮೂರನೆಯವನು ಬರುವುದೇ ಇಲ್ಲ ಎಂದ. ಅಧಿಕಾರಿ ಕಡತ ಮುಚ್ಚಿ, “ನೀವು ನೀವೇ ಒಂದು ಮಾತಿಗೆ ಬಂದು ಆಮೇಲೆ ಬನ್ನಿ” ಎಂದ.

ಹನ್ನೊಂದು ಮಂದಿ ಮೆಟ್ಟಿಲಿಳಿದು ಬಂದೆವು. ದಾರಿಯುದ್ದಕ್ಕೂ ಆತನನ್ನು ಬೈದೆವು. ರಾತ್ರಿ ಮಲಗಿದಾಗ ನನಗೆ ಹೊಳೆದದ್ದು ಇಷ್ಟು: ಅವನ ಬಳಿ ಸುಳ್ಳಿನದಾದರೂ ಒಂದು ಲೆಕ್ಕವಿತ್ತು. ನಮ್ಮ ಬಳಿ ನಿಜವಿತ್ತು, ಲೆಕ್ಕವಿರಲಿಲ್ಲ.

ಕಡತ ಬಲ್ಲದ್ದು ಕೊಳವೆಯನ್ನು. ಕೊಡ ಹೊತ್ತವಳು ಬಲ್ಲದ್ದು ನೀರನ್ನು. ಇವೆರಡೂ ಬೇರೆ ಬೇರೆ ವಿಷಯಗಳು. ಕೊಡ ಹೊತ್ತವಳು ಬಲ್ಲದ್ದನ್ನು ಕಾಗದದ ಮೇಲೆ, ನಕ್ಷೆಯ ಮೇಲೆ ತರುವುದು ಹೇಗೆ ಎಂಬುದೇ ಈ ದಿನದ ನನ್ನ ವಿಷಯ.

ಇದನ್ನು ಮಾಡಿ ತೋರಿಸಿದವರಲ್ಲಿ ಜಾನ್ ಸ್ನೋ ಎಂಬ ವೈದ್ಯ ಒಬ್ಬ. 1854ರ ಲಂಡನ್ನಿನ ಕಥೆ. ಆಗಸ್ಟ್ ಕೊನೆಯಲ್ಲಿ ಸೋಹೋ ಎಂಬ ಬಡಜನರ ಪೇಟೆಯಲ್ಲಿ ಕಾಲರಾ ಎದ್ದಿತು. ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂಬುದು ಆ ಕಾಲದ ದೊಡ್ಡ ವೈದ್ಯರ, ದೊಡ್ಡ ಅಧಿಕಾರಿಗಳ ನಂಬಿಕೆ. ನೀರಿನಿಂದ ಬರುತ್ತದೆಂದು ಸ್ನೋ ಹೇಳುತ್ತಿದ್ದ, ಕೇಳುವವರಿರಲಿಲ್ಲ. ಆತ ಮರಣ ನೋಂದಣಿ ಕಚೇರಿಯಿಂದ ಸತ್ತವರ ವಿಳಾಸಗಳನ್ನು ಪಡೆದು ಮನೆಮನೆಗೆ ಹೋದ. ಎಲ್ಲಿಂದ ನೀರು ತರುತ್ತಿದ್ದಿರಿ ಎಂದು ಕೇಳಿದ. ಆಮೇಲೆ ಬೀದಿಗಳ ನಕ್ಷೆಯ ಮೇಲೆ, ಯಾವ ಮನೆಯಲ್ಲಿ ಎಷ್ಟು ಸಾವೋ ಆ ಮನೆಯ ಮುಂದೆ ಅಷ್ಟು ಕಪ್ಪು ಗೆರೆಗಳನ್ನು ಒಂದರ ಮೇಲೊಂದು ಎಳೆದ. ಗೆರೆಗಳು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಮುತ್ತಿಕೊಂಡವು.

ಆ ಬೀದಿಯಲ್ಲಿ ಬಂದೂಕಿನ ಕ್ಯಾಪು ಮಾಡುವ ಒಂದು ಕಾರ್ಖಾನೆಯಿತ್ತು. ಸುಮಾರು ಇನ್ನೂರು ಕೆಲಸಗಾರರು. ಅವರು ಕುಡಿಯಲೆಂದು ಅದೇ ಪಂಪಿನ ನೀರನ್ನು ಎರಡು ತೊಟ್ಟಿಗಳಲ್ಲಿ ತುಂಬಿಸಿಡುತ್ತಿದ್ದರು. 18 ಮಂದಿ ಸತ್ತರು. ಹತ್ತಿರದಲ್ಲೇ ಒಂದು ಬಡವರ ದುಡಿಮೆಮನೆ, 535 ಜನರಿದ್ದರು, ಅವರಿಗೆ ಬೇರೆ ಬಾವಿಯಿತ್ತು, ಸತ್ತವರು ಐವರು. ಪಕ್ಕದ ಬೀರ್ ಕಾರ್ಖಾನೆಯಲ್ಲಿ ಎಪ್ಪತ್ತಕ್ಕೂ ಮಿಕ್ಕಿ ಆಳುಗಳು. ಅವರಿಗೆ ದಿನವೂ ಬೀರು ಸಿಗುತ್ತಿತ್ತು, ಪಂಪಿನ ಕಡೆಗೆ ಅವರು ಹೋಗುತ್ತಿರಲಿಲ್ಲ; ಒಬ್ಬನೂ ಕಾಲರಾದಿಂದ ಸಾಯಲಿಲ್ಲ. (ಇಲ್ಲಿ ನಗುತ್ತಿರುವವರು ಇದನ್ನು ಮನೆಯಲ್ಲಿ ನೆಪ ಮಾಡಿಕೊಳ್ಳಬೇಡಿ.) ಸಾಯದವರನ್ನೂ ಕೇಳಿ, ಏಕೆ ಸಾಯಲಿಲ್ಲವೆಂದು ಸ್ನೋ ಬರೆದುಕೊಂಡ ಎಂಬುದನ್ನು ಗಮನಿಸಿ. ಬರಿಯ ದೂರುಗಳನ್ನು ಕಲೆಹಾಕಿದ್ದರೆ ಅವನ ನಕ್ಷೆಗೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ತೆಗೆಸಿದರು. ಆ ಹೊತ್ತಿಗೆ ರೋಗ ಇಳಿಮುಖವಾಗಿತ್ತೆಂಬುದೂ ನಿಜ. ಸ್ನೋ ತಾನೇ ಅದನ್ನು ಒಪ್ಪಿಕೊಂಡು ಬರೆದಿದ್ದಾನೆ.

ಅದೇ ಪೇಟೆಯಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ಕಿರಿಯ ಪಾದ್ರಿಯಿದ್ದ. ಸ್ನೋ ಹೇಳುವುದು ತಪ್ಪೆಂದು ತೋರಿಸಲೆಂದೇ ಆತ ಮನೆಮನೆ ತಿರುಗಲು ಹೊರಟ. ಕೆಲವು ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕೇಳಿದ. ಕೇಳುತ್ತ ಕೇಳುತ್ತ ತಾನೇ ತಪ್ಪೆಂದು ಕಂಡುಕೊಂಡ. ಪಂಪಿಗೆ ತಾಗಿದ್ದ ಮನೆಯಲ್ಲಿ ಮೊದಲು ರೋಗ ತಗಲಿದ ಒಂದು ಎಳೆಗೂಸಿನ ಸುಳಿವು ಸಿಕ್ಕಿದ್ದು ಅವನಿಗೇ. ಅಗೆದು ನೋಡಿದಾಗ ಆ ಮನೆಯ ಮಲಗುಂಡಿ ಬಾವಿಗೆ ಸೋರುತ್ತಿತ್ತು. ಪರಿಚಯದವರೆಂದು ಮನೆಯವರು ಅವನೊಡನೆ ಬಾಯಿ ಬಿಟ್ಟರು. ನಮ್ಮ ಕೇರಿಯ ಸಮೀಕ್ಷೆಯನ್ನು ನಾವೇ ಮಾಡಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೆ?

ಪಂಪಿನ ಕಥೆ ಎಲ್ಲರಿಗೂ ಗೊತ್ತು. ಶಾಲೆಯ ಮಕ್ಕಳೂ ಓದುತ್ತಾರೆ. ಅದೇ ವರ್ಷ ಸ್ನೋ ಮಾಡಿದ ಇನ್ನೊಂದು ಕೆಲಸ ನಮಗೆ ಹೆಚ್ಚು ಉಪಯುಕ್ತ. ದಕ್ಷಿಣ ಲಂಡನ್ನಿನಲ್ಲಿ ಎರಡು ನೀರಿನ ಕಂಪೆನಿಗಳಿದ್ದವು. ಒಂದೇ ಬೀದಿಯಲ್ಲಿ ಒಂದು ಮನೆಗೆ ಒಂದರ ನೀರು, ಪಕ್ಕದ ಮನೆಗೆ ಇನ್ನೊಂದರ ನೀರು. ಲ್ಯಾಂಬೆತ್ ಕಂಪೆನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ಥೇಮ್ಸ್ ನದಿಯಲ್ಲಿ ಮೇಲಕ್ಕೆ, ನಗರದ ಕೊಳಚೆ ತಾಗದ ಕಡೆಗೆ ಒಯ್ದಿತ್ತು. ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿ ಮಾತ್ರ ಊರ ಕೊಳಚೆ ಬೆರೆತ ನೀರನ್ನೇ ಎತ್ತಿ ಮಾರುತ್ತಿತ್ತು. ಬಾಡಿಗೆದಾರರಿಗೆ ತಾವು ಯಾವ ಕಂಪೆನಿಯ ನೀರು ಕುಡಿಯುತ್ತಿದ್ದೇವೆಂದೇ ಗೊತ್ತಿಲ್ಲ. ನೀರಿನ ಕಂದಾಯ ಕಟ್ಟುತ್ತಿದ್ದವನು ಎಲ್ಲೋ ಇದ್ದ ಮನೆಯೊಡೆಯ. ಆಗ ಸ್ನೋ ಸಣ್ಣ ಸೀಸೆಯಲ್ಲಿ ನೀರು ಹಿಡಿದು ಉಪ್ಪಿನಂಶ ಪರೀಕ್ಷಿಸಿದ. ಕೆಳಗಿನ ನೀರಿನಲ್ಲಿ ಉಪ್ಪು ಸುಮಾರು ನಲವತ್ತು ಪಟ್ಟು ಹೆಚ್ಚು. ಹಾಗೆ ಪತ್ತೆ ಹಚ್ಚಿದ. ಏಳು ವಾರಗಳ ಲೆಕ್ಕ ಹೀಗೆ ಬಂತು: ಕೊಳಚೆ ನೀರಿನ ಕಂಪೆನಿಯ ಪ್ರತಿ 10,000 ಮನೆಗಳಲ್ಲಿ 315 ಸಾವು, ಲ್ಯಾಂಬೆತ್ ಕಂಪೆನಿಯ ಪ್ರತಿ 10,000 ಮನೆಗಳಲ್ಲಿ 37. ಅದೇ ಬೀದಿ, ಅದೇ ಗಾಳಿ, ಅದೇ ಬಡತನ. ನೀರು ಮಾತ್ರ ಬೇರೆ. ಇಬ್ಬರೂ ನೀರು ಕೊಟ್ಟಿದ್ದೇವೆಂದೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದರು, ಮಿತ್ರರೇ!

ಸಮೀಕ್ಷೆಯಿಂದ ರೋಗದ ಮೂಲವಷ್ಟೇ ಅಲ್ಲ, ಅನ್ಯಾಯದ ಗಡಿಯೂ ಗೋಚರಿಸುತ್ತದೆ. ಅಮೆರಿಕದ ಒಹೈಯೋ ರಾಜ್ಯದಲ್ಲಿ ಜೇನ್ಸ್‌ವಿಲ್ ಎಂಬ ಊರು. ಅದರ ಅಂಚಿನಲ್ಲಿ ಕೋಲ್ ರನ್ ಎಂಬ ಬೀದಿ. ಕಲ್ಲಿದ್ದಲ ಗಣಿಗಳಿಂದ ಬಾವಿ ನೀರು ಕೆಟ್ಟ ಪ್ರದೇಶ. ಅಲ್ಲಿಯ ಕರಿಯರು ಸುಮಾರು ಅರ್ಧ ಶತಮಾನ ಮಳೆನೀರು ಹಿಡಿದು, ಟ್ರಕ್ಕಿನಲ್ಲಿ ನೀರು ಹೊತ್ತು ತಂದು ಬದುಕಿದರು. ಅದೇ ಪ್ರದೇಶದ ಬಿಳಿಯರ ಮನೆಗಳಿಗೆ ನಲ್ಲಿ ನೀರು. ಕೇಳಿದಾಗಲೆಲ್ಲ ಒಂದೊಂದು ನೆಪ. ಕೊನೆಗೆ ನ್ಯಾಯಾಲಯಕ್ಕೆ ಹೋದರು. ಯಾವ ಮನೆಯಲ್ಲಿ ಯಾರಿದ್ದಾರೆ, ನೀರಿನ ಕೊಳವೆ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಒಂದೇ ನಕ್ಷೆಯ ಮೇಲೆ ಹಾಕಿ ತೋರಿಸಿದರು. ಕೊಳವೆ ನಿಂತ ಕಡೆ, ಬಣ್ಣದ ಗೆರೆ ಶುರುವಾಗುತ್ತಿತ್ತು. 2008ರ ಜುಲೈಯಲ್ಲಿ ಜ್ಯೂರಿ 67 ಮಂದಿಗೆ ಒಟ್ಟು ಒಂದು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ನೀರು ಬಂದದ್ದೂ ದಾವೆ ಹೂಡಿದ ಮೇಲೆಯೇ, 2004ರಲ್ಲಿ. ನಮ್ಮ ಹಳ್ಳಿಗಳ, ಪಟ್ಟಣಗಳ ಕೇರಿಗಳಲ್ಲಿ ಕೊಳವೆ ಎಲ್ಲೆಲ್ಲಿ ನಿಂತಿದೆಯೆಂದು ಬಲ್ಲವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟು ದೂರ ಏಕೆ? ನಮ್ಮ ಬೆಂಗಳೂರಿನಲ್ಲಿಯೇ 1993ರಲ್ಲಿ ಸ್ಯಾಮುಯಲ್ ಪಾಲ್ ಮತ್ತು ಅವರ ಸಂಗಡಿಗರು ಸಾವಿರಕ್ಕೂ ಮಿಕ್ಕ ಮನೆಗಳಿಗೆ ಹೋಗಿ, ನೀರು, ವಿದ್ಯುತ್, ಆಸ್ಪತ್ರೆ, ನಿವೇಶನ ಇವುಗಳನ್ನು ನಡೆಸುವ ಕಚೇರಿಗಳ ಬಗ್ಗೆ ಜನರಿಂದ ಅಂಕ ಹಾಕಿಸಿದರು. ಮಾಸ್ತರು ಹುಡುಗರಿಗೆ ಕೊಡುವ ಹಾಗೆ, ಪ್ರಜೆ ಸರ್ಕಾರಕ್ಕೆ ಕೊಟ್ಟ ಅಂಕಪಟ್ಟಿ ಅದು. ಅಭಿವೃದ್ಧಿ ಪ್ರಾಧಿಕಾರದ ಕೆಲಸ ಪೂರ್ಣ ತೃಪ್ತಿಕರವೆಂದವರು ನೂರಕ್ಕೆ ಒಬ್ಬರು! ಕೊಳೆಗೇರಿಯವರಲ್ಲಿ ಮೂವರಲ್ಲಿ ಒಬ್ಬರು ಕೆಲಸಕ್ಕಾಗಿ ಲಂಚ ತೆತ್ತಿದ್ದರು. 1994ರಲ್ಲಿ ಇದು ಪತ್ರಿಕೆಗಳಲ್ಲಿ ಬಂತು. ಕೊನೆಯ ಸ್ಥಾನ ಪಡೆದ ಪ್ರಾಧಿಕಾರವೇ ಮೊದಲು ಎಚ್ಚೆತ್ತು ಮಾತಿಗೆ ಕರೆಯಿತು. ಎಲ್ಲ ಕಚೇರಿಗಳೂ ಹಾಗೆ ಮಾಡಲಿಲ್ಲ. 1999ರಲ್ಲಿ ಮತ್ತೆ ಅಳೆದಾಗ ಸ್ವಲ್ಪ ಸುಧಾರಣೆ, ಆದರೆ ಲಂಚ ಹೆಚ್ಚಿತ್ತು. 2003ರ ಮೂರನೆಯ ಸಮೀಕ್ಷೆಯಲ್ಲಿ ಮಾತ್ರ ಸಮಾಧಾನವೆನ್ನುವಂಥ ಬದಲಾವಣೆ ಕಂಡಿತು. ಹತ್ತು ವರ್ಷ ಹಿಡಿಯಿತೆಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಅಂಕಪಟ್ಟಿಯ ಬಗ್ಗೆ ನನ್ನದೊಂದು ಆಕ್ಷೇಪವೂ ಇದೆ. ತೃಪ್ತಿಯೇ ಎಂದು ಬಡವನನ್ನು ಕೇಳಬಾರದು. ಎಂಟು ದಿನಕ್ಕೊಮ್ಮೆ ನೀರು ಕಂಡವನು ನಾಲ್ಕು ದಿನಕ್ಕೊಮ್ಮೆ ಬಂದರೆ ತೃಪ್ತಿಯೆನ್ನುತ್ತಾನೆ; ಹೊತ್ತುಹೊತ್ತಿಗೂ ನೀರಿರುವ ಬಡಾವಣೆಯವನು ಒಂದು ಗಂಟೆ ತಡವಾದರೆ ಅತೃಪ್ತನಾಗುತ್ತಾನೆ. ಆದ್ದರಿಂದ ಮನಸ್ಸನ್ನು ಕೇಳುವ ಮೊದಲು ಕೊಡವನ್ನು ಕೇಳೋಣ.

ಕೊಡವನ್ನು ಕೇಳುವುದು ಹೀಗೆ. ಒಂದು ಬೀದಿ ನಲ್ಲಿಯನ್ನು ಹತ್ತು ಮನೆಗಳು, ಮನೆಗೆ ಐದರಂತೆ ಐವತ್ತು ಜನ ನಂಬಿದ್ದಾರೆನ್ನಿ. ಹದಿನೈದು ಲೀಟರಿನ ಕೊಡ ತುಂಬಲು ಮೂರು ನಿಮಿಷ ಹಿಡಿದರೆ, ನಿಮಿಷಕ್ಕೆ ಐದು ಲೀಟರು. ದಿನ ಬಿಟ್ಟು ದಿನ ಒಂದು ಗಂಟೆ ಬಂದರೆ, ಒಟ್ಟು 300 ಲೀಟರು. ಐವತ್ತು ಜನ, ಎರಡು ದಿನ. ತಲೆಗೆ ದಿನಕ್ಕೆ ಮೂರು ಲೀಟರು. ಕೇಂದ್ರ ಸರ್ಕಾರ 1999ರಲ್ಲಿ ಪ್ರಕಟಿಸಿದ ನೀರು ಸರಬರಾಜಿನ ಕೈಪಿಡಿಯೇ, ಬೀದಿ ನಲ್ಲಿಯನ್ನು ನಂಬಿದವರಿಗೂ ತಲೆಗೆ ದಿನಕ್ಕೆ 40 ಲೀಟರ್ ಎಂದು ಬರೆದಿದೆ. ಮೂರು ಎಲ್ಲಿ, ನಲವತ್ತು ಎಲ್ಲಿ! ಇದಕ್ಕೆ ಎಂಜಿನಿಯರ್ ಬೇಡ. ಒಂದು ಕೊಡ, ಒಂದು ಗಡಿಯಾರ, ನಾಲ್ಕನೇ ತರಗತಿಯ ಗುಣಾಕಾರ ಸಾಕು. ಅಂಗಡಿಕಾರ ಮಿತ್ರರು ದಿನವೂ ಇದಕ್ಕಿಂತ ಕಠಿಣ ಲೆಕ್ಕ ಮಾಡುತ್ತೀರಿ.

ನಕ್ಷೆಗೂ ಭಯ ಬೇಡ. ನೈರೋಬಿಯ ಕಿಬೇರಾ ಎಂಬ ದೊಡ್ಡ ಕೊಳೆಗೇರಿ ಬಹುಮಟ್ಟಿಗೆ ನಕ್ಷೆಗಳಲ್ಲಿ ಖಾಲಿ ಜಾಗವಾಗಿತ್ತು. 2009ರಲ್ಲಿ ಅಲ್ಲಿಯ ಹುಡುಗ ಹುಡುಗಿಯರೇ ನಡೆದಾಡಿ ನಲ್ಲಿ, ಕಕ್ಕಸು, ಶಾಲೆ, ಔಷಧಾಲಯ ಗುರುತಿಸಿ ತುಂಬಿದರು. ನಿಮ್ಮ ಮಕ್ಕಳ ಕೈಯಲ್ಲಿರುವ ಫೋನಿನಲ್ಲಿ ಆ ಸೌಕರ್ಯವಿದೆ. ಇಲ್ಲದಿದ್ದರೆ ಹೆಜ್ಜೆ ಎಣಿಸಿ, ದೊಡ್ಡ ಹಾಳೆಯ ಮೇಲೆ ಬೀದಿ ಎಳೆಯಿರಿ.

ಕೆಲವು ಎಚ್ಚರಿಕೆ ಮಾತ್ರ ಇರಲಿ. ಪ್ರತಿ ಬಾಗಿಲಲ್ಲೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ ಕೇಳಬೇಕು. ನಮಗೆ ಬೇಕಾದವರ ಮನೆಗೆ ಮಾತ್ರ ಹೋಗಬಾರದು. ಎಲ್ಲಿ ನೀರು ಚೆನ್ನಾಗಿ ಬರುತ್ತದೋ ಅದನ್ನೂ ಬರೆಯಬೇಕು. ನಮ್ಮಲ್ಲೇ ಯಾರಾದರೂ ಕೊಳವೆಗೆ ಮೋಟಾರು ಹಚ್ಚಿ ಪಕ್ಕದವನ ನೀರು ಎಳೆಯುತ್ತಿದ್ದರೆ ಅದನ್ನೂ ಬರೆಯಬೇಕು. ಈ ಮಾತಿಗೆ ಸಭೆಯಲ್ಲಿ ಕೆಲವರು ನೆಲ ನೋಡುತ್ತಿದ್ದೀರಿ. ಅಂಗಡಿಯ ಮುಂದಿನ ಚರಂಡಿ ಎಲ್ಲಿ ಕಟ್ಟಿದೆ ಎಂದು ಗುರುತಿಸುವಾಗ, ಅದರ ಮೇಲೆ ಕಲ್ಲು ಚಪ್ಪಡಿ ಹಾಕಿ ಕಟ್ಟೆ ಚಾಚಿದವರು ಯಾರೆಂಬುದೂ ನಕ್ಷೆಯಲ್ಲಿ ಬರುತ್ತದೆ. ಬರಲಿ. ನಮ್ಮ ತಪ್ಪು ಕಾಣಿಸದ ನಕ್ಷೆಯನ್ನು ಆ ಅಧಿಕಾರಿ ಒಂದೇ ಸಲಕ್ಕೆ ಹರಿದು ಎಸೆಯುತ್ತಾನೆ.

ನಮ್ಮ ಲೆಕ್ಕ ಆದ ಮೇಲೆ ಅವರ ಲೆಕ್ಕ ಕೇಳೋಣ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಕಾಗದದ ನಕಲು ಮಾತ್ರವಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನೂ ಆ ಕಾಯಿದೆ ಕೊಟ್ಟಿದೆ. ಇದು ಬಹಳ ಮಂದಿಗೆ ತಿಳಿಯದು. ಅವರ ಕಡತದ ಕೊಳವೆಯನ್ನೂ ನಮ್ಮ ಹಾಳೆಯ ನೀರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಎಲ್ಲೆಲ್ಲಿ ಹೊಂದುವುದಿಲ್ಲವೋ ಅಲ್ಲಿಗೆ ಮುಂದಿನ ಸಲ ಹನ್ನೊಂದು ಮಂದಿ ಹೋಗೋಣ.

ಈ ಭಾನುವಾರದಿಂದ ಪ್ರಾರಂಭ. ಮಿಲ್ಲಿನ ಹಿಂದಿನ ಮೂರು ಓಣಿಗಳು ಮೊದಲು. ರಾತ್ರಿ ಪಾಳಿಯವರು ನಸುಕಿನ ನಲ್ಲಿ ನೋಡಿಕೊಳ್ಳಲಿ, ಹೇಗೂ ಆ ಹೊತ್ತಿಗೆ ಅವರೇ ಎಚ್ಚರವಾಗಿರುವುದು. ಹಗಲಿನದು ಅಂಗಡಿಯವರದು. ಮನೆಯೊಳಗಿನ ಪ್ರಶ್ನೆಗಳನ್ನು ಹೆಂಗಸರೇ ಕೇಳಬೇಕು. ಎಷ್ಟು ಕೊಡ, ಎಷ್ಟು ಹೊತ್ತು ಎಂಬುದು ಗಂಡಸರಿಗೆ ಗೊತ್ತಿಲ್ಲವೆಂಬುದನ್ನು ಆ ಕಚೇರಿಯಲ್ಲಿ ನಾವು ಹನ್ನೊಂದು ಗಂಡಸರು ಸಾಬೀತು ಮಾಡಿ ಬಂದಿದ್ದೇವೆ. ಗೆರೆ ಹಾಕಿದ ನೋಟುಬುಕ್ಕುಗಳನ್ನು ಸಂಘ ಕೊಡುತ್ತದೆ. ಕೊಡ ಮತ್ತು ಗಡಿಯಾರ ನಿಮ್ಮವು. ಯಾರು ಯಾವ ಓಣಿ ಎಂದು ಹೆಸರು ಬರೆಸಿ ಹೋಗಿ. ಬಾಗಿಲ ಬಳಿ ಕಾಗದ ಇಟ್ಟಿದೆ.