ಚಿನ್ನದ ಗಣಿಯ ಗುಳೆ



ಗುಳೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬರಗಾಲದ ಹಳ್ಳಿ, ತಲೆಯ ಮೇಲಿನ ಗಂಟು, ಕಂಕುಳ ಕೂಸು. ಆದರೆ ಗಂಟು ಕಟ್ಟದೆ, ಮನೆಗೆ ಬೀಗ ಹಾಕದೆ, ದಿನವೂ ಹೋಗಿ ದಿನವೂ ಮರಳುವ ಗುಳೆಯೂ ಒಂದುಂಟು. ಅದನ್ನು ಕಾಣಬೇಕಾದರೆ ಬೆಳಕು ಹರಿಯುವ ಮೊದಲೇ ಕೋಲಾರದ ಚಿನ್ನದ ಗಣಿಯ ಮಾರಿಕುಪ್ಪಂ ನಿಲ್ದಾಣಕ್ಕೆ ಹೋಗಬೇಕು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊಟ್ಟಮೊದಲು ಹರಿದುಬಂದದ್ದು ಈ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ಅದರ ದೀಪ ಬೆಳಗಿದ್ದು 1905ರಲ್ಲಿ. ಅಂದು ಕತ್ತಲೆಯಲ್ಲಿದ್ದ ಆ ಪಟ್ಟಣಕ್ಕೇ ಇಂದು ಗಣಿಯವರ ಮಕ್ಕಳು ಮೊಮ್ಮಕ್ಕಳು ಕೂಲಿಯನ್ನರಸಿ ಹೋಗುತ್ತಿದ್ದಾರೆ!

ಕನ್ನಡ ನಾಡು ಒಂದುಗೂಡಿದ 1956ರಲ್ಲಿಯೇ ಗಣಿಯೂ ಆಂಗ್ಲ ಕಂಪನಿಯ ಕೈತಪ್ಪಿ ಮೈಸೂರು ಸರಕಾರದ ವಶವಾಯಿತು; ಮುಂದೆ ಕೇಂದ್ರಕ್ಕೆ ಸೇರಿತು. ಆಳವು ಮೂರು ಕಿಲೋಮೀಟರನ್ನು ಮೀರಿತ್ತು, ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತ ಬಂದಿತ್ತು, ತೆಗೆದ ಚಿನ್ನಕ್ಕಿಂತ ತೆಗೆಯುವ ವೆಚ್ಚವೇ ಹೆಚ್ಚಾಯಿತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. 1991ರ ನೂತನ ಆರ್ಥಿಕ ನೀತಿಯ ತರುವಾಯ ನಷ್ಟದ ಉದ್ಯಮಗಳನ್ನು ಹೊರುವ ಮನಸ್ಸು ಸರಕಾರಕ್ಕೆ ಉಳಿಯಲಿಲ್ಲ. 2001ನೆಯ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯ ಲೆಕ್ಕವನ್ನು ಮುಗಿಸಿದವರು ಊರಿನ ಲೆಕ್ಕವನ್ನು ಮಾತ್ರ ಬರೆಯಲೇ ಇಲ್ಲ. ಪಾತಾಳದಲ್ಲಿ ಬಂಡೆ ಕೊರೆಯುವ ವಿದ್ಯೆಗೆ ಪೇಟೆಯಲ್ಲಿ ಬೆಲೆಯೆಲ್ಲಿಯದು? ಆ ವಿದ್ಯೆ ಬಲ್ಲವರು ಕಾವಲುಗಾರರಾದರು, ಗಾರೆಕೆಲಸಕ್ಕೆ ನಿಂತರು.

ಕೂಲಿಯಿದ್ದಲ್ಲಿಗೆ ಕೂಲಿಗಾರನು ಹೋಗಿ ನೆಲಸುವನೆಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಗಣಿಯ ಸಾಲುಮನೆ ಎಷ್ಟೇ ಇಕ್ಕಟ್ಟಾದರೂ ತಲೆಯ ಮೇಲೊಂದು ಸೂರು. ಬೆಂಗಳೂರಿನ ಬಾಡಿಗೆಯೋ ಕೂಲಿಯನ್ನೇ ನುಂಗುವಂಥದು. ಆದುದರಿಂದ ಮನೆ ಇಲ್ಲಿ, ದುಡಿಮೆ ಅಲ್ಲಿ. ನಡುವೆ ಉದ್ದನೆಯ ರೈಲುದಾರಿ. ಮಲಗಿದ ಮಗುವನ್ನು ಬಿಟ್ಟು ಹೊರಟ ತಂದೆ ಮರಳುವಾಗಲೂ ಮಗು ಮಲಗಿಯೇ ಇರುತ್ತದೆ. ಪಟ್ಟಣದ ವ್ಯಾಪಾರ ತುಸು ಮಂದವಾದರೆ ಮೊದಲು ಕೆಲಸ ಕಳೆದುಕೊಳ್ಳುವವರು ಗುತ್ತಿಗೆಯ ಈ ಜನರೇ. 2020ರ ಮಾರ್ಚಿಯಲ್ಲಿ ರೈಲುಗಳೇ ನಿಂತಾಗ ಇವರ ಒಲೆಯ ಗತಿಯೇನಾಗಿದ್ದೀತೆಂಬುದನ್ನು ತಾವೇ ಊಹಿಸಬಹುದು.

ಇವರ ಮನೆಮಾತು ತಮಿಳು, ತೆಲುಗು ಎಂದು ನಮ್ಮಲ್ಲಿ ಕೆಲವರು ಉದಾಸೀನರಾಗಿರುವುದುಂಟು. ಅದು ನಮಗೆ ಶೋಭಿಸದು. ತಲೆಮಾರುಗಳಿಂದ ಈ ನೆಲದ ಬಸಿರಲ್ಲಿ ಬೆವರು ಸುರಿಸಿದವರು ಕನ್ನಡ ನಾಡಿನ ಮಕ್ಕಳಲ್ಲದೆ ಮತ್ತಾರು?

ಗಣಿಯನ್ನು ಮತ್ತೆ ತೆರೆಯುವೆವೆಂಬ ಆಶ್ವಾಸನೆ ಚುನಾವಣೆಗೊಮ್ಮೆ ಕೇಳಿಬರುತ್ತದೆ. ನಾವು ಕೇಳತಕ್ಕದ್ದು ಬೇರೆ: ಊರಿನಲ್ಲಿಯೇ ಕಾರಖಾನೆ, ಅದಕ್ಕೆ ತಕ್ಕ ಕೈಗಾರಿಕಾ ಶಿಕ್ಷಣ, ಇರುವ ಮನೆಗಳಿಗೆ ಸ್ಪಷ್ಟವಾದ ಹಕ್ಕು. ಹಳೆಯ ಗಣಿಗಳ ನೆರೆಯಲ್ಲಿಯೇ ಬೆಮೆಲ್ ಕಾರಖಾನೆಯು ನೆಲ ಅಗೆಯುವ ಭಾರಿ ಯಂತ್ರಗಳನ್ನು ಮಾಡುತ್ತಿರುವಾಗ, ಈ ನೆಲದಲ್ಲಿ ಉದ್ಯಮ ಬೇರೂರದೆಂಬ ಮಾತನ್ನು ನಾವು ಒಪ್ಪಲಾರೆವು.