ಹಿತ್ತಲ ಕೋಳಿಯ ಆಹಾರ

ಬಳ್ಳಾರಿಯಲ್ಲಿ ಹಿತ್ತಲಿರುವ ಮನೆಯವರು ನಾಲ್ಕು ಜವಾರಿ ಕೋಳಿಗಳನ್ನು ಸಾಕುವುದು ಕಷ್ಟವೇನಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಗಳ ನುಚ್ಚು, ತೌಡು ಉಂಟು. ಕುರುಗೋಡು ಕಡೆಯ ಜೋಳ, ಸಜ್ಜೆ ಉಂಟು. ಕಾಳಿನಿಂದ ಕಸುವು ಬರುತ್ತದೆ. ಮೊಟ್ಟೆಗೆ ಮಾತ್ರ ಸಸಾರಜನಕವೂ ಸುಣ್ಣದ ಅಂಶವೂ ಬೇಕು. ಮೊದಲನೆಯದನ್ನು ಕೋಳಿ ಹುಳುಹುಪ್ಪಟೆಗಳಿಂದ ತಾನೇ ಸಂಪಾದಿಸುತ್ತದೆ. ಅಂದಗೆಟ್ಟ ಬರಹವನ್ನು ಕೋಳಿಕಾಲೆಂದು ನಾವು ಉಪಾಧ್ಯಾಯರು ಹಳಿಯುವುದುಂಟು. ಆ ಕಾಲಿನ ಕೆದರಾಟದಲ್ಲಿಯೇ ಅದರ ಅನ್ನವಿದೆ. ಎರಡನೆಯದಕ್ಕೆ ಮೊಟ್ಟೆಯ ಚಿಪ್ಪನ್ನು ಹುರಿದು, ಕುಟ್ಟಿ ಹಾಕಿರಿ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ.

ಆದರೆ ನಮಗೆ ಬೇಡವಾದುದೆಲ್ಲ ಕೋಳಿಗೆ ಆದೀತೆಂಬ ರೂಢಿಯೊಂದಿದೆ. ಬೂಷ್ಟು ಹಿಡಿದ ಶೇಂಗಾ, ಮುಗ್ಗಿದ ಜೋಳ ಹಿತ್ತಲಿಗೆ ಬೀಳುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುದು ಶೇಂಗಾ ಹಿಂಡಿಯಲ್ಲಿದ್ದ ಬೂಷ್ಟಿನ ವಿಷದಿಂದ. ಅಫ್ಲಟಾಕ್ಸಿನ್ ಎಂಬ ಈ ವಿಷ ಬೇಯಿಸಿದರೂ ಪೂರ್ತಿ ಹೋಗದು. ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ಮೊಟ್ಟೆಗೂ ಇಳಿದು ನಿಮ್ಮ ಮಕ್ಕಳ ತಟ್ಟೆಗೆ ಬರಬಹುದು. ಬಿತ್ತನೆಗೆಂದು ಔಷಧಿ ಹಚ್ಚಿ ಉಳಿದ ಬೀಜವೂ ಬೇಡ. ಅಂತಹ ಕಾಳನ್ನು ತಿಪ್ಪೆಗೆ ಎಸೆದೀರಿ ಮತ್ತೆ! ಕೋಳಿ ಮೊದಲು ಹೋಗುವುದು ಅಲ್ಲಿಗೇ. ಆಳವಾದ ಗುಂಡಿ ತೋಡಿ ಹೂತುಬಿಡಿರಿ.